ಮೈಕ್ ನಾರಪ್ಪನ ಮೂಗ ಸ್ಪೀಕರ್

ಮೇಚೇರಿಯಲ್ಲಿ ನಾರಪ್ಪ ಎಂದರೆ ಯಾವ ನಾರಪ್ಪ ಎಂದು ಕೇಳುವವರೇ ಹೆಚ್ಚು. ಮೈಕ್ ನಾರಪ್ಪ ಎಂದರೆ ಮಾತ್ರ, ಸಂತೆಯಲ್ಲಿ ಕುರಿ ಹಿಡಿದು ನಿಂತವನು ಕೂಡ ಗದ್ದ ಎತ್ತಿ ಮನೆ ತೋರಿಸುತ್ತಿದ್ದ. ಮದುವೆಯಿರಲಿ, ಕಿವಿ ಚುಚ್ಚುವ ಶಾಸ್ತ್ರವಿರಲಿ, ಎಲೆಕ್ಷನ್ ಮೀಟಿಂಗಿರಲಿ, ಬೇವಿನ ಕೊಂಬೆಗೆ ಹಾರ್ನ್ ಕಟ್ಟಿ, ಕೆಳಗೆ ಸೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನು ಮೈಕಿನಲ್ಲಿ ಒಮ್ಮೆ ಕೆಮ್ಮಿದರೆ ಊರಿಗೆ ಹಬ್ಬ ಬಂತೆಂದೇ ಅರ್ಥ. ಆ ಕೆಮ್ಮು ನಿಂತುಹೋದ ವರ್ಷವೊಂದಿದೆ. ಅದರ ಕಥೆ ಇದು. ಕೇಳುವುದಾದರೆ ಎದೆ ಗಟ್ಟಿ ಮಾಡಿಕೊಂಡು ಕೇಳಬೇಕು.

ಅವನು ಹುಟ್ಟಿದ್ದು ಪೆನ್ನಾಗರಂ ಕಡೆಯ ಕುರಿ ಕಾಯುವ ಮನೆಯಲ್ಲಿ. ಕುರಿಯ ಹಿಂದೆ ಹೋಗು ಎಂದರೆ ಕರೆಂಟ್ ಕಂಬದ ಹಿಂದೆ ಹೋದ. ಮೆಟ್ಟೂರಿನಲ್ಲಿ ಕಂಬ ನೆಡುವ ಕೂಲಿಯಾಗಿ ಸೇರಿ, ಒಂದೆರಡು ಸಲ ಶಾಕ್ ತಿಂದು, ತಿಂದ ಶಾಕಿನಿಂದಲೇ ಅರ್ಧ ವಿದ್ಯೆ ಕಲಿತ. ಒಂದು ಟೂರಿಂಗ್ ಟಾಕೀಸು ಮುಚ್ಚಿಹೋದಾಗ ಅದರ ದನಿ ಹಿಗ್ಗಿಸುವ ಹಳೆಯ ಸೆಟ್ಟು, ಹಾರ್ನು ಕೊಂಡು ತಂದು ಮೇಚೇರಿಯಲ್ಲಿ ಬೋರ್ಡು ತಗುಲಿಹಾಕಿದ. ಸಿಟ್ಟು ಮೂಗಿನ ತುದಿಯಲ್ಲೇ. ಯಾರಾದರೂ ಮೈಕನ್ನು ಬೆರಳಿಂದ ತಟ್ಟಿದರೆ, "ಅದೇನು ತಮಟೆಯಾ? ನಿನ್ ತಲೆ ತಟ್ಕೋ" ಎಂದು ಸಭೆಯಲ್ಲೇ ಬೈಯುತ್ತಿದ್ದ.

ಹೆಂಡತಿ ಸಪ್ಪಲಮ್ಮ. ಅವಳಿಗೆ ಮಕ್ಕಳಾಗಲಿಲ್ಲ. ತಾಯಿ ಸತ್ತ ತನ್ನ ತಮ್ಮ ಮಾರಿಯಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದಳು. ಮಗ ಎಂದರೂ ಅವನೇ, ತಮ್ಮ ಎಂದರೂ ಅವನೇ. ಅವಳಿಗೊಂದು ನಂಬಿಕೆ. ಕಬ್ಬಿಣವಿದ್ದ ಕಡೆ ಗಾಳಿಪೀಡೆ ಸುಳಿಯುವುದಿಲ್ಲ. ಬಾಣಂತಿಯ ತಲೆದಿಂಬಿನಡಿ ಕುಡುಗೋಲು, ಹೊಲಕ್ಕೆ ಹೊತ್ತ ಬುತ್ತಿಯಲ್ಲಿ ಒಂದು ಮೊಳೆ, ಮುಸ್ಸಂಜೆಯಲ್ಲಿ ಹೊರಟ ಹಾಲಿನ ಚೊಂಬಿನ ಮೇಲೆ ಬೀಗದ ಕೈ. ಊರವರೆಲ್ಲ ಮಾಡುವುದೇ ಇದು, ಇವಳು ಇನ್ನೂ ಒಂದು ಕೈ ಹೆಚ್ಚು. ಒಮ್ಮೆ ನಾರಪ್ಪ ಕೆಟ್ಟ ಹಾರ್ನಿನಿಂದ ಬಿಚ್ಚಿದ ಬಳೆಯಂಥ ಕಾಂತವೊಂದನ್ನು, ಬಿದ್ದ ಸೂಜಿ ಹುಡುಕಿಕೋ ಎಂದು ಅವಳಿಗೆ ಕೊಟ್ಟಿದ್ದ. ಅದು ಡಬ್ಬಿಯ ಮೊಳೆಗಳನ್ನೆಲ್ಲ ಎಳೆದುಕೊಂಡದ್ದು ಕಂಡು ಅವಳು ಕೈಮುಗಿದಿದ್ದಳು. "ಕಬ್ಣವೇ ಎದ್ದು ಬಂದು ಇದರ ಕಾಲು ಇಡೀತೈತಲ್ಲಾ! ಇದು ಕಬ್ಣಕ್ಕೆಲ್ಲ ರಾಜ."

ನಾರಪ್ಪನಿಗೂ ತನ್ನದೇ ಒಂದು ಕಟ್ಟು ಇತ್ತು. ಬೀದಿಯಲ್ಲಿ ಹೆಣ ಬಂದರೆ ಹಾರ್ನಿನಲ್ಲಿ ಹಾಡು ಕೂಗಬಾರದು. "ಓಗೋ ಜೀವ ಪಾಟು ಕೇಳಿ ತಿರುಗಿ ನೋಡಿದ್ರೆ ಆ ಮನೇಗೆ ಒಳ್ಳೇದಲ್ಲ ಲಾ" ಎಂದು ಅವನ ತಾಯಿ ಹೇಳಿದ್ದಳು. ಆದರೆ ಸೆಟ್ಟನ್ನು ಆರಿಸಿದರೆ ಒಳಗಿನ ದೀಪದಂಥ ವಾಲ್ವು ಮತ್ತೆ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಸಭೆಯವರು ಬೈಯುತ್ತಾರೆ. ಹಾರ್ನಿನ ತಂತಿ ಮಾತ್ರ ಬಿಚ್ಚಿದರೆ ಕರೆಂಟು ಇಳಿಯಲು ಜಾಗವಿಲ್ಲದೆ ಸೆಟ್ಟೇ ಸುಟ್ಟುಹೋಗುತ್ತದೆ. ಅದಕ್ಕೆ ಅವನೊಂದು ಉಪಾಯ ಮಾಡಿದ್ದ. ಮುಖದ ಕಾಗದವೆಲ್ಲ ಹರಿದುಹೋದ ಹಳೆಯ ಸ್ಪೀಕರೊಂದನ್ನು ಸೆಟ್ಟಿನ ಮಗ್ಗುಲಿಗೆ ಸಿಕ್ಕಿಸಿಟ್ಟಿದ್ದ. ಹಾರ್ನ್ ಇದ್ದಾಗ ಒಂದಿಷ್ಟು ಕರೆಂಟು, ಬಿಚ್ಚಿದಾಗ ಕರೆಂಟೆಲ್ಲ ಅದರೊಳಗೆ ಹೋಗುತ್ತಿತ್ತು. ಕಾಗದವಿಲ್ಲದ ಮೇಲೆ ಸದ್ದೆಲ್ಲಿಂದ ಬರಬೇಕು? ಅದಕ್ಕೆ ಅವನಿಟ್ಟ ಹೆಸರು ಮೂಗ ಸ್ಪೀಕರ್.

ಸೇಲಂನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಹಯಗ್ರೀವರಾಯರು ಅವನಿಗೆ ಗುರುವಿದ್ದಂತೆ. ಐವತ್ತಾರೋ ಐವತ್ತೇಳೋ, ಏರ್ಕಾಡಿನ ಯಾವನೋ ದೊರೆ ದೇಶ ಬಿಟ್ಟು ಹೋಗುವಾಗ ಮಾರಿದ ಟೇಪ್ ರಿಕಾರ್ಡರು ಅವರ ಅಂಗಡಿಗೆ ಬಂದಿತ್ತು. ಅದರ ಮೈಕು ಒಡೆದು ಹೋಗಿತ್ತು. ನಾರಪ್ಪನಿಗೆ ಅದನ್ನು ಕೊಡುವಾಗ ರಾಯರು ಹಳೆಯ ಹೆಡ್‌ಫೋನಿನ ಸಣ್ಣ ತಂತಿಯ ಸುರುಳಿಯೊಂದನ್ನು ಮೆಷಿನ್ನಿಗೆ ಸೇರಿಸಿ, ಹಾಡುತ್ತಿದ್ದ ರೇಡಿಯೋದ ಸ್ಪೀಕರಿನ ಬೆನ್ನಿಗೆ ಹಿಡಿದರು. ಎಲ್ಲೂ ತಂತಿ ತಾಗಲಿಲ್ಲ. ಆದರೂ ಹಾಡು ಟೇಪಿನಲ್ಲಿ ಕೂತಿತು. ಅಂಗಡಿಯ ಮುಂದಿನ ಜಟಕಾ ಗಾಡಿಯ ಗಲಾಟೆ ಒಂದಿಷ್ಟೂ ಬರಲಿಲ್ಲ.

"ಇದೇನು ಸ್ವಾಮಿ, ಮಾಟವಾ?" ಎಂದ ನಾರಪ್ಪ.

"ಮಾಟ ಅಲ್ಲವೋ, ಕಾಂತ. ಸ್ಪೀಕರೊಳಗೆ ಮಾತು ಕರೆಂಟಾಗಿ ಓಡ್ತದೆ. ಓಡುವಾಗ ಸುತ್ತ ಕಾಂತದ ಅಲೆ ಏಳ್ತದೆ. ಈ ಸುರುಳಿ ಆ ಅಲೇನ ಹಿಡಿದು ತಿರುಗಾ ಕರೆಂಟು ಮಾಡ್ತದೆ. ಗಾಳೀಲಿ ಬರೋ ಸದ್ದು ಇದಕ್ಕೆ ಬೇಡ" ಎಂದ ರಾಯರು ಬೆರಳೆತ್ತಿ ಇನ್ನೊಂದು ಮಾತು ಹೇಳಿದರು. "ಟೇಪು ಮಾತನ್ನ ನೆನಪಿಟ್ಟುಕೊಳ್ಳೋದೂ ಕಾಂತದಿಂದಲೇ. ಅದಕ್ಕೇ ಹಾರ್ನಿನ ಕಾಂತದ ಹತ್ತಿರ ರೀಲು ಇಡಬೇಡ. ಹುಟ್ಟಿಸಿದ್ದೇ ಕೊಂದುಬಿಡ್ತದೆ."

ನಾರಪ್ಪ ಆ ಮಾತನ್ನು ಶಿರಸಾವಹಿಸಿ ಪಾಲಿಸಿದ. ಸುರುಳಿಯನ್ನು ಮೂಗ ಸ್ಪೀಕರಿನ ಬೆನ್ನಿಗೆ ಜೇನುಮೇಣದಿಂದ ಅಂಟಿಸಿ, ಮೆಷಿನ್ನನ್ನು ಮಾತ್ರ ಮಾರುದೂರ ಇಡುತ್ತಿದ್ದ. ಯಾಕೆ ದೂರ ಎಂಬುದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೆಂಗಸಿಗೆ ಇದೆಲ್ಲ ಯಾಕೆ ಎಂದುಕೊಂಡನೋ ಏನೋ.

ಈಗ ಮಾರಿಯಪ್ಪನ ವಿಷಯ. ಅವನು ಕುರಿ ಕಾಯುವವನು. ಒಂದು ಸಂಜೆ ಮೆಟ್ಟೂರು ರಸ್ತೆಯಲ್ಲಿ ಚಿನ್ನತಾಯಿ ಎಂಬ ಕೂಲಿ ಹೆಂಗಸಿನ ಮೇಲೆ ಲಾರಿ ಹರಿದು ಅವಳು ಅಲ್ಲೇ ಸತ್ತಳು. ಲಾರಿ ನಿಲ್ಲದೆ ಹೋಯಿತು. ಪಕ್ಕದ ಹೊಲದಲ್ಲಿ ಮಂದೆ ಹಾಕಿದ್ದ ಮಾರಿಯಪ್ಪ, ಲಾರಿ ನಡೆಸುತ್ತಿದ್ದವನ ಮುಖ ನೋಡಿದ. ಅದು ಲಾರಿಗಳ ಯಜಮಾನ ವೆಂಕಟಾಚಲಂ. ಸಂತೆಯ ಗುತ್ತಿಗೆಯೂ ಅವನದೇ, ಸಂತೆಯ ಭಯವೂ ಅವನದೇ. ಮಾರಿಯಪ್ಪ ನೋಡಿದ್ದನ್ನು ನೋಡಿದಂತೆಯೇ ಬರೆಸಿ ಹೆಬ್ಬೆಟ್ಟು ಒತ್ತಿದ. ಸೇಲಂ ಕೋರ್ಟಿನಲ್ಲಿ ಅವನೊಬ್ಬನೇ ಸಾಕ್ಷಿ.

ಅಕ್ಕ, ಬಾವ ಇಬ್ಬರೂ ಹೆದರಿದರು. ಬೇಡ ಕಣಪ್ಪಾ ಎಂದರು, ಅತ್ತರು. ಅವನು ಕೇಳಲಿಲ್ಲ. ಮೊದಲ ವಾಯಿದೆಯ ದಿನ ಸಪ್ಪಲಮ್ಮನಿಗೆ ಉಸಿರು ನಿಲ್ಲುತ್ತಿದೆ ಎಂದು ಸುಳ್ಳು ಹೇಳಿಕಳಿಸಿ ಅವನನ್ನು ಸೇಲಂ ಬಸ್ಸಿನಿಂದ ಇಳಿಸಿದರು. ಓಡಿ ಬಂದವನು ನೋಡಿದ್ದು, ಅಕ್ಕ ಒಲೆ ಮುಂದೆ ಕೂತು ಮುದ್ದೆ ತಿರುವುತ್ತಿರುವುದನ್ನು. ಹೊಸ್ತಿಲಿಂದಲೇ ತಿರುಗಿ ಹೋದ. ಅಂದಿನಿಂದ ಆ ಮನೆಯ ನೀರು ಮುಟ್ಟಲಿಲ್ಲ.

ಎರಡನೆಯ ವಾಯಿದೆ ಹತ್ತಿರವಾಗುತ್ತಿದ್ದಾಗ ಬೇಸಿಗೆ. ವೆಂಕಟಾಚಲಂ ಸಂತೆ ಬಯಲಿನಲ್ಲಿ ನೀರು ಮಜ್ಜಿಗೆಯ ಧರ್ಮದ ಚಪ್ಪರ ಹಾಕಿಸಿದ. ಅದರ ಉದ್ಘಾಟನೆಗೆ ನಾರಪ್ಪನ ಮೈಕು. "ನಿನ್ ಅತ್ರ ಮಾತು ಇಡಿಯೋ ಮಿಷಿನ್ ಐತಂತಲ್ಲಾ? ನನ್ ಮಾತು ಇಡಿ. ಆಮೇಲೆ ಕೇಳ್ಬೇಕು" ಎಂದು ಅವನೇ ಹೇಳಿದ. ಬೇಡ ಎನ್ನಲು ನಾರಪ್ಪನಿಗೆ ಧೈರ್ಯವಿರಲಿಲ್ಲ.

ಭಾಷಣ ತಮಿಳಿನಲ್ಲಿ ಸೊಗಸಾಗಿ ಹರಿಯುತ್ತಿತ್ತು. ಬಾಯಾರಿದವನಿಗೆ ನೀರು ಕೊಡುವುದಕ್ಕಿಂತ ದೊಡ್ಡ ಪುಣ್ಯವಿಲ್ಲ ಎಂದು ಅವನು ಹೇಳುತ್ತಿರುವಾಗ ಬೀದಿಯ ತುದಿಯಲ್ಲಿ ತಮಟೆ ಕೇಳಿಸಿತು. ನೇಕಾರರ ಬೀದಿಯ ಮುದುಕನೊಬ್ಬನ ಹೆಣ. ನಾರಪ್ಪ ಕೈಯೆತ್ತಿ ಸನ್ನೆ ಮಾಡಿ ಹಾರ್ನಿನ ತಂತಿ ಬಿಚ್ಚಿದ. ಸಭೆ ಎದ್ದು ನಿಂತಿತು. ವೆಂಕಟಾಚಲಂ ತಲೆ ತಗ್ಗಿಸಿ ಮೈಕಿನ ಮುಂದೆಯೇ ನಿಂತ, ಪಕ್ಕದಲ್ಲಿ ಅವನ ಡ್ರೈವರು. ಹೆಣ ದಾಟಿತು, ನಾರಪ್ಪ ತಂತಿ ಸಿಕ್ಕಿಸಿದ, ಭಾಷಣ ಮುಂದುವರಿಯಿತು. ಮೈಕಿಗೆ ಇನ್ನೂ ಜೀವವಿದ್ದದ್ದನ್ನು, ಮೆಷಿನ್ನಿನ ಚಕ್ರ ಅಷ್ಟು ಹೊತ್ತೂ ತಿರುಗುತ್ತಲೇ ಇದ್ದದ್ದನ್ನು ಯಾರೂ ಗಮನಿಸಲಿಲ್ಲ.

ಮನೆಗೆ ಬಂದು, ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂದು ನಾರಪ್ಪ ಹಾಕಿ ಕೇಳಿದ. ಸಪ್ಪಲಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಪುಣ್ಯದ ಮಾತು ಮುಗಿದು ಒಂದು ಕ್ಷಣ ಬರೀ ಹಮ್ಮನೆಯ ಸದ್ದು. ತಮಟೆ ಎಲ್ಲೋ ದೂರದಲ್ಲಿ ಬಡಿದ ಹಾಗೆ ಸಣ್ಣಗೆ. ಅದರೊಳಗಿಂದ, ಕಿವಿಯ ಹತ್ತಿರವೇ ಯಾರೋ ಬಾಯಿಟ್ಟಂತೆ, ಕನ್ನಡದ ಪಿಸುಮಾತು ಬಂತು. ವೆಂಕಟಾಚಲಂ ಮನೆಯ ಮಾತೂ ಕನ್ನಡವೇ. ಜನರ ನಡುವೆ ಗುಟ್ಟು ಹೇಳುವಾಗ ಅವನು ಅದಕ್ಕೇ ಇಳಿಯುತ್ತಿದ್ದ.

"ಲೇ, ಮಾರಿಯಪ್ಪ ಕೋರ್ಟ್ ಮೆಟ್ಲು ಅತ್ತಬಾರ್ದು."

"ಎಂಗಣ್ಣಾ?" ಡ್ರೈವರನ ದನಿ.

"ವಾಯ್ದಾ ದಿನ ನಮ್ ಲಾರೀಲೇ ಕರ್ಕೊಂಡು ಓಗೋದು. ನಾನೇ ತಪ್ಪು ಒಪ್ಕೋತೀನಿ, ಜೊತೇಗೆ ಬಾ ಅಂತ ಏಳಿದೀನಿ. ನಂಬವ್ನೆ. ಓಮಲೂರು ರೋಡು ಬಿಟ್ಟು ಕಲ್ಲುಕ್ವಾರಿ ದಾರಿ ಇಡಿ. ತಿರುವಲ್ಲಿ ಮುಡಿಚ್ಚಿಡು, ಕತೆ ಮುಗೀಲಿ. ಲಾರಿಯಿಂದ ಬಿದ್ದು ಸತ್ತ ಅಂದ್ರೆ ಆಯ್ತು."

"ಬರ್ತಾನಾ ಅಣ್ಣಾ?"

"ಕುರಿ ಕಾಯೋನು. ಕುರಿಯಂಗೇ ಅತ್ತುತಾನೆ."

ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಮತ್ತೆ ಅದೇ ಬಾಯಿ ತಮಿಳಿನಲ್ಲಿ ಸಭೆಯ ಹಿರಿಯರನ್ನು ಕರೆದು, "ಅನ್ಬಾನ ಪೆರಿಯೋರ್ಗಳೇ" ಎಂದು ಶುರು ಮಾಡಿತು. ಸಪ್ಪಲಮ್ಮನ ಕೈಯಿಂದ ಮೊರ ಜಾರಿ ರಾಗಿ ಮನೆಯೆಲ್ಲ ಚೆಲ್ಲಿತು. ನಾರಪ್ಪ ಸ್ವಿಚ್ಚು ಆರಿಸಿದ. ಜೀವಮಾನದಲ್ಲಿ ಅಷ್ಟು ಹೆದರಿದ್ದು ಅವನಿಗೆ ನೆನಪಿರಲಿಲ್ಲ.

"ಇದು ಅವನ ಕಿವೀಗೆ ಬೀಳ್ಬೇಕು" ಎಂದಳು ಸಪ್ಪಲಮ್ಮ. "ನಮ್ ಬಾಯಿ ಮಾತು ಅವನು ನಂಬಾಕಿಲ್ಲ. ಅದರ ಮೇಲೆ ನಾವೇ ಮಣ್ಣಾಕ್ಕೊಂಡಿದೀವಿ."

ನಿಜ. ದೊಡ್ಡವರ ಮೇಲೆ ದೂರು ಕೊಟ್ಟು ಗೆದ್ದವರನ್ನು ನಾರಪ್ಪ ಕಂಡಿರಲಿಲ್ಲ. ಮೊದಲು ಹುಡುಗ ಆ ಲಾರಿ ಹತ್ತದಿದ್ದರೆ ಸಾಕು. ಮಾರಿಯಪ್ಪ ಮಂದೆಯ ಜೊತೆ ಪೆನ್ನಾಗರಂ ಕಾಡಿನ ಕಡೆ ಹೋಗಿದ್ದ. ಅಲ್ಲಿ ಕರೆಂಟೆಲ್ಲಿ? ಅವನು ವಾಯಿದೆಗೆ ಹೊರಡುವಾಗ ಮೇಚೇರಿಗೆ ಬರಲೇಬೇಕು, ಆಗ ಕೇಳಿಸುವುದೆಂದು ಗಂಡ ಹೆಂಡತಿ ಮಾತಾಡಿಕೊಂಡರು. ಸಪ್ಪಲಮ್ಮ ಸಂತೆಗೆ ಬಂದ ಕುರಿಯವರ ಕೈಯಲ್ಲಿ, ಒಂದೇ ಒಂದು ಸಲ ಮನೆಗೆ ಬಾ ಎಂದು ಹೇಳಿಕಳಿಸಿದಳು.

ಅಷ್ಟರಲ್ಲಿ ವೆಂಕಟಾಚಲಂ ತಾನೇ ಬಂದ. ಜಗಲಿಯ ಮೇಲೆ ಕೂತು ತನ್ನ ಮಾತು ಕೇಳಿ ಖುಷಿಪಟ್ಟ. ತಮಟೆಯ ಜಾಗ ಬರುವ ಮುಂಚೆಯೇ ನಾರಪ್ಪ ಸ್ವಿಚ್ಚು ತಿರುಗಿಸಿದ.

"ಯಾಕಪ್ಪಾ ನಿಲ್ಸಿದೆ?"

"ಇಲ್ಲಿ ಎಣ ಬಂತಲ್ಲಣ್ಣಾ, ಆರ್ನ್ ಬಿಚ್ಚಿದ್ದೆ. ಏನೂ ಇರಾಕಿಲ್ಲ."

ವೆಂಕಟಾಚಲಂ ನಗುತ್ತಲೇ ಇದ್ದ. ಕಣ್ಣು ಮಾತ್ರ ಮೂಲೆಯ ಸೆಟ್ಟಿನ ಮೇಲೆ. "ಆರ್ನ್ ಬಿಚ್ಚಿದ್ದೆ, ಸರಿ. ಆದ್ರೆ ಒಳಗೆ ಕೆಂಪು ದೀಪ ಉರೀತಾನೇ ಇತ್ತಲ್ಲಾ?"

"ಬಿಸಿ ಆರದಂಗೆ ಇಟ್ಟಿರ್ತೀವಣ್ಣಾ."

"ಓ, ಅಂಗಾ" ಎಂದು ಎದ್ದ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, "ನಾಳೆ ಡ್ರೈವರ್ ಬರ್ತಾನೆ. ಆ ರೀಲು ಕೊಟ್ಬುಡು. ಜ್ಞಾಪಕಕ್ಕೆ ಇರ್ಲಿ" ಎಂದು ಹೇಳಿ ಹೋದ.

ಮಾರನೆಯ ದಿನ ನಾರಪ್ಪ ಬೇರೊಂದು ರೀಲನ್ನು ಡ್ರೈವರನಿಗೆ ಕೊಟ್ಟ. ಕೇಳಲು ವೆಂಕಟಾಚಲಂ ಹತ್ತಿರ ಮೆಷಿನ್ನೆಲ್ಲಿದೆ! ಆದರೆ ಆ ದಿನದಿಂದ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಆ ಡ್ರೈವರ್ ಬೆಳಗ್ಗೆ ಕೂತರೆ ಸಂಜೆ ಏಳುತ್ತಿದ್ದ. ಮೆಷಿನ್ನು ಹಾಕಿ ಮತ್ತೊಮ್ಮೆ ಕೇಳಿ ನೋಡಲು ನಾರಪ್ಪನಿಗೆ ಧೈರ್ಯ ಬರಲಿಲ್ಲ.

ರೀಲನ್ನು ಬಚ್ಚಿಡುವ ಕೆಲಸ ಸಪ್ಪಲಮ್ಮನದು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ರಾಗಿಯ ಗುಡಾಣದಲ್ಲಿ ಕೈ ಮುಳುಗುವಷ್ಟು ಆಳಕ್ಕೆ ಇಳಿಸಿದಳು. "ಎಣ ಓಗೋವಾಗ ಇಡಿದ ಮಾತು. ನನ್ ತಮ್ಮನ ಸಾವು ಇದರೊಳಗೆ ಕೂತೈತೆ. ಬರೀ ಮೈಲಿ ಇಡಬಾರ್ದು, ಕಬ್ಣ ಕಟ್ಟಿದೀನಿ" ಎಂದಳು. ನಾರಪ್ಪ ಹೂಂ ಎಂದ. ಎಂದಿನಂತೆ ಒಂದು ಮೊಳೆ ಕಟ್ಟಿರುತ್ತಾಳೆ ಎಂದುಕೊಂಡ. ಮೊಳೆಯಿಂದ ಟೇಪಿಗೆ ಏನೂ ಆಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ವಾಯಿದೆಯ ದಿನ ಬೆಳಗ್ಗೆ ಮಾರಿಯಪ್ಪ ಬಂದ. ಒಗೆದ ಪಂಚೆ, ಹೆಗಲ ಮೇಲೆ ಕಂಬಳಿ. ಹೊಸ್ತಿಲ ಒಳಗೆ ಕಾಲಿಡಲಿಲ್ಲ. "ಮುನಿಶಾಮಮ್ಮಂಗೆ ದಿನ ತುಂಬೈತೆ. ಬೇಗ ಓಗಿ ಬೇಗ ಬರ್ಬೇಕು. ಏನಕ್ಕಾ, ಇವತ್ತೂ ಸಾಯ್ತಿದೀಯಾ?" ಎಂದ. ಮುನಿಶಾಮಮ್ಮ ಅವನ ಹೆಂಡತಿ, ಚೊಚ್ಚಲ ಬಸುರಿ.

ಸಪ್ಪಲಮ್ಮ ಅವನ ಕೈ ಹಿಡಿದುಕೊಂಡಳು. "ಆವತ್ತು ಸುಳ್ಳು ಏಳ್ದೆ ಕಣೋ ಮಾರಾ. ಇವತ್ತು ನಿನ್ನ ಎತ್ತಾಡಿಸಿದ ಕೈ ಮೇಲಾಣೆ, ನಿಜ. ಅವನ ಲಾರಿ ಅತ್ತಬೇಡ. ದಾರೀಲಿ ಕೊಂದಾಕ್ತಾರೆ. ನಾನೇ ನನ್ ಕಿವಿಯಾರ ಕೇಳಿದೀನಿ."

"ಅವನು ನನ್ ಗುಡಿಸಲಿಗೆ ಬಂದು ಮುದ್ದೆ ತಿಂದು ಮಾತು ಕೊಟ್ಟವ್ನೆ ಅಕ್ಕಾ. ಉಪ್ಪು ತಿಂದ ಮನೇಗೆ ಎರಡು ಬಗೀತಾರಾ?"

"ನಮ್ಮಾತು ಬೇಡ ಮಾರಾ, ಅವನ ಮಾತೇ ಕೇಳು" ಎಂದ ನಾರಪ್ಪ, ಮೆಷಿನ್ನಿನ ತಂತಿ ಸಿಕ್ಕಿಸುತ್ತ.

ಮಾರಿಯಪ್ಪ ಅದನ್ನು ದಿಟ್ಟಿಸಿ ನೋಡಿದ. "ಸರಿ. ವೆಂಕಟಾಚಲಂ ದನೀಲಿ ಆ ಮಾತು ನನ್ ಕಿವೀಗೆ ಬಿದ್ರೆ ಬಸ್ಸಲ್ಲೇ ಓಗ್ತೀನಿ. ಬೀಳ್ನಿಲ್ಲ ಅಂದ್ರೆ ಇನ್ ನಿಮ್ ಮುಖ ನೋಡಾಕಿಲ್ಲ."

ಸಪ್ಪಲಮ್ಮ ಒಳಗೆ ಹೋಗಿ ಗುಡಾಣದಿಂದ ಗಂಟು ಎತ್ತಿ, ಅಲ್ಲೇ ಬಿಚ್ಚಿ, ರೀಲನ್ನು ಸೆರಗಿನಲ್ಲಿ ಒರೆಸಿ ತಂದು ಕೊಟ್ಟಳು. ನಾರಪ್ಪ ಹಾಕಿದ. ಚಕ್ರ ತಿರುಗಿತು.

"ದಾಗಂ..." ಎಂದು ಬಾಯಾರಿಕೆಯ ಮಾತೆತ್ತಿತು ಮೆಷಿನ್ನು. ಆಮೇಲೆ ಗುಸ್ ಎಂದಿತು. "ಪುಣ್ಣಿಯಂ..." ಮತ್ತೆ ಗುಸ್. ಯಾರೋ ಮಲಗಿ ಉಸಿರಾಡಿದ ಹಾಗೆ, ಮಾತು ಏಳುತ್ತಿತ್ತು, ಮುಳುಗುತ್ತಿತ್ತು. ಭಾಷಣ ಗಟ್ಟಿ ದನಿಯದಾದ್ದರಿಂದ ಅಲ್ಲಲ್ಲಿ ಉಳಿದಿತ್ತು. ಪಿಸುಮಾತಿನ ಜಾಗ ಬಂದಾಗ ಬರೀ ಉಸಿರು. ಗುಸ್, ಗುಸ್, ಗುಸ್. ನಾರಪ್ಪ ತಿರುಗಿಸಿದ, ಮತ್ತೆ ಹಾಕಿದ, ಕಿವಿಯನ್ನು ಮೆಷಿನ್ನಿಗೇ ಒತ್ತಿದ. ಬೆವರು ಕಣ್ಣಿಗಿಳಿಯಿತು. "ಇತ್ತು ಮಾರಾ, ತಾಯಾಣೆ ಇತ್ತು" ಎಂದ.

ಮಾರಿಯಪ್ಪ ನಕ್ಕ. ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋವಿನದು. "ನೀರು ಕೊಡೋದು ಪುಣ್ಯ ಅಂತ ಏಳ್ತಾವ್ನೆ ಪಾಪ. ನಿಮ್ ಮಿಷಿನ್‌ಗೂ ಸುಳ್ಳು ಏಳಾಕೆ ಬರ್ನಿಲ್ಲ ಬುಡು ಬಾವ."

ಹೊರಗೆ ಲಾರಿ ಬಂದು ನಿಂತಿತು. ನಾರಪ್ಪ ಓಡಿ ಹೋಗಿ ಅವನ ಕಂಬಳಿ ಹಿಡಿದೆಳೆದ. ಕಂಬಳಿ ಇವನ ಕೈಯಲ್ಲಿ ಉಳಿಯಿತು, ಅವನು ಹತ್ತಿದ. ವೆಂಕಟಾಚಲಂ ಮುಂದಿನ ಸೀಟಿನಿಂದ ತಲೆ ಹೊರಗೆ ಹಾಕಿ, "ಏನ್ ನಾರಪ್ಪಾ, ರೀಲು ಚೆನ್ನಾಗಿ ಬಂತಾ?" ಎಂದು ಕೇಳಿದ. ಲಾರಿ ಹೊರಟಿತು. ಸಪ್ಪಲಮ್ಮ ಧೂಳಿನಲ್ಲಿ ಬಹಳ ದೂರ ಅದರ ಹಿಂದೆ ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಕಲ್ಲುಕ್ವಾರಿಯ ತಿರುವಿನಲ್ಲಿ ಲಾರಿಯಿಂದ ಆಯ ತಪ್ಪಿ ಬಿದ್ದನಂತೆ. ಸಾಕ್ಷಿಯಿಲ್ಲದೆ ಚಿನ್ನತಾಯಿಯ ಕೇಸು ಬಿದ್ದುಹೋಯಿತು. ಮಾರಿಯಪ್ಪನ ಸಾವಿಗಂತೂ ಕೇಸೇ ಆಗಲಿಲ್ಲ. ನಾರಪ್ಪ ಕೇಳಿದ್ದನ್ನು ಹೇಳಿದ ಕಡೆಯೆಲ್ಲ, ಎಲ್ಲಿ, ಕೇಳಿಸು ನೋಡೋಣ ಎಂದರು.

ತಿಂಗಳು ಕಳೆದ ಮೇಲೆ ಅವನು ರೀಲನ್ನು ಸೇಲಂಗೆ ಒಯ್ದು ಹಯಗ್ರೀವರಾಯರಿಗೆ ಕೇಳಿಸಿದ. ರಾಯರು ಕಣ್ಣು ಮುಚ್ಚಿ ಕೇಳಿ, "ಇದು ಕಾಂತ ತಿಂದ ಟೇಪು. ಒಂದೇ ಕಡೆ ಒತ್ತಿಟ್ಟಿದ್ದಾರೆ, ಅದಕ್ಕೇ ಸುತ್ತು ಸುತ್ತಿಗೂ ಹೀಗೆ ಉಸಿರಾಡ್ತದೆ. ಹಾರ್ನಿನ ಹತ್ತಿರ ಇಟ್ಟಿದ್ದೆಯೇನೋ?" ಎಂದರು. ಇಲ್ಲ ಎಂದು ಅವನು ಪ್ರಮಾಣ ಮಾಡಿದ. ಬಸ್ಸಿನಲ್ಲಿ ಬರುವಾಗಲೂ, ಇಲ್ಲ, ಇಲ್ಲವೇ ಇಲ್ಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದ.

ಮನೆಗೆ ಬಂದಾಗ ಸಪ್ಪಲಮ್ಮ ತೊಟ್ಟಿಲು ತೂಗುತ್ತಿದ್ದಳು. ಮುನಿಶಾಮಮ್ಮ ಹೆತ್ತು, ಕೂಸಿನೊಂದಿಗೆ ಅವರ ಮನೆಗೇ ಬಂದಿದ್ದಳು. ಗಂಡು ಕೂಸು, ತಂದೆಯ ಹಣೆ. ಸಪ್ಪಲಮ್ಮ ಕರಿದಾರದಲ್ಲಿ ಏನನ್ನೋ ತೊಟ್ಟಿಲ ಕಾಲಿಗೆ ಬಿಗಿಯುತ್ತಿದ್ದಳು. ನಾರಪ್ಪ ಹತ್ತಿರ ಹೋಗಿ ನೋಡಿದ. ಬಳೆಯಂಥ ಕಾಂತ. ಅದರ ಮೈಗೆ ಒಂದು ಸೂಜಿ, ಎರಡು ಮೊಳೆ ಅಂಟಿಕೊಂಡಿದ್ದವು. ಸಂದಿನಲ್ಲಿ ರಾಗಿಯ ಕಾಳು ಇನ್ನೂ ಸಿಕ್ಕಿಕೊಂಡಿತ್ತು.

"ಇದನ್ನೇ ಆ ರೀಲಿಗೆ ಕಟ್ಟಿದ್ದೆ" ಎಂದಳು, ತಲೆಯೆತ್ತದೆ. "ಮೊಳೆ ಸಾಲಾಕಿಲ್ಲ ಅಂತ, ಕಬ್ಣದ ರಾಜನ್ನೇ ಕಟ್ಟಿದ್ದೆ. ಇಷ್ಟು ಗಟ್ಟೀದು ಕಟ್ಟಿದ್ರೂ ಅವನ ಮಾತು ಯಾಕ್ ಉಳೀನಿಲ್ಲ? ನೀನು ಬಲ್ಲೋನು, ಏಳು."

ರಾಯರ ಮಾತನ್ನು ಅಂದೇ ಇವಳಿಗೆ ಹೇಳಿದ್ದರೆ ಎಂದುಕೊಂಡ ನಾರಪ್ಪ. ಈಗ ಹೇಳಿದರೆ ಈ ಹೆಂಗಸು ಬದುಕುತ್ತಾಳೆಯೇ? ಅವನು ಕೂಸನ್ನು ನೋಡಿದ, ಅವಳ ಬೆರಳನ್ನು ನೋಡಿದ.

"ಮಿಷಿನ್ನೇ ಕೆಟ್ಟಿತ್ತಂತೆ" ಎಂದ. "ರಾಯರು ಏಳಿದ್ರು. ನಂದೇ ತಪ್ಪು, ನಾನು ನೋಡಿ ಇಟ್ಕೊಳ್ನಿಲ್ಲ."

ಸಪ್ಪಲಮ್ಮ ತಲೆಯೆತ್ತಿದಳು. "ನನ್ ತಮ್ಮನ್ನ ನಿನ್ ಡಬ್ಬಾ ಮಿಷಿನ್ ತಿಂದಾಕ್ತು" ಎಂದಳು. ಬದುಕಿರುವವರೆಗೂ ಅವಳು ಆ ಮಾತು ಆಡುತ್ತಲೇ ಇದ್ದಳು, ಅವನು ತಲೆ ತಗ್ಗಿಸಿ ಕೇಳುತ್ತಲೇ ಇದ್ದ. ಆ ವರ್ಷವೆಲ್ಲ ಮೈಕು ಮುಟ್ಟಲಿಲ್ಲ. ಹೊಟ್ಟೆಪಾಡಿಗೆ ಮತ್ತೆ ಹಾರ್ನ್ ಕಟ್ಟತೊಡಗಿದ ಮೇಲೆ, ಹೆಣ ಬಂದರೆ ಸೆಟ್ಟನ್ನೇ ಪೂರ್ತಿ ಆರಿಸಿಬಿಡುತ್ತಿದ್ದ; ಯಾರು ಬೈದರೂ 'ಸರಿಪ್ಪಾ' ಎನ್ನುತ್ತಿದ್ದ. ಆದರೆ ಆ ದಿನ ಅವನು ಮಾಡಿದ್ದು ಇಷ್ಟೇ. ಕಾಂತದ ದಾರ ಸಡಿಲವಾಗಿದೆ ಎಂದು ಅವಳು ಹೇಳಿದಾಗ ಬಗ್ಗಿ ಕೂತು, ಅದನ್ನು ತೊಟ್ಟಿಲ ಕಾಲಿಗೆ ತನ್ನ ಕೈಯಾರೆ ಬಿಗಿಯಾಗಿ ಕಟ್ಟಿಕೊಟ್ಟ.